ಇರಿವಿ ಬಂದಾವೇನ್ರಿ?

1976ರ ಜೂನ್, ಸೋಮವಾರ, ಬೆಳಿಗ್ಗೆ ಏಳು ಗಂಟೆ. ವಿಜಾಪುರದ ನಮ್ಮ ಕಾಲೇಜಿನ ಪ್ರಯೋಗದ ಇಲಿಗಳ ಕೋಣೆಯಲ್ಲಿ ಡಾಕ್ಟರರು, ಕಸ ಹೊಡೆಯುವ ಬಬಲೇಶ್ವರದ ಅಜ್ಜಿ, ಸಹಾಯಕನಾದ ನಾನು ಇದ್ದೆವು.

"ಇರಿವಿ ಬಂದಾವೇನ್ರಿ?" ಡಾಕ್ಟರರ ದಿನದ ಮೊದಲ ಮಾತು ಅದೇ. ಸಕ್ಕರೆ ಕಾಯಿಲೆಯ ಇಲಿಯ ಮೂತ್ರ ಸಿಹಿ. ಪಂಜರದ ಕೆಳಗಿನ ತಟ್ಟೆಗೆ ಇರುವೆ ಮುತ್ತುತ್ತವೆ. ಅಂಥ ಒಂದು ಇಲಿಗೆ ಅವರು ಬೇರೆ ಇಲಿಯ ಇನ್ಸುಲಿನ್ ಸ್ರವಿಸುವ ಜೀವಕೋಶಗಳನ್ನು ಕಸಿ ಮಾಡಿದ್ದರು. ಪರಕೀಯವೆಂದು ಮೈ ಅವನ್ನು ಕೊಲ್ಲದಿರಲೆಂದು ತೆಳುಪೊರೆಯ ಪುಟ್ಟ ಚೀಲದಲ್ಲಿ ಬಚ್ಚಿಟ್ಟಿದ್ದರು. ಆಮೇಲೆ ಆ ತಟ್ಟೆಯತ್ತ ಒಂದು ಇರುವೆಯೂ ಸುಳಿದಿರಲಿಲ್ಲ.

ಅಂದು ಸಾಲುಗಟ್ಟಿ ಬಂದಿದ್ದವು.

"ಯವ್ವಾ, ಬೆಲ್ಲಾ ಏನರೆ ಚೆಲ್ಲೀಯೇನಬೇ?" ಎಂದರು ಡಾಕ್ಟರರು. ಅಜ್ಜಿ ಹೌದೆನ್ನಲಿ ಎಂಬ ಆಸೆ ದನಿಯಲ್ಲಿತ್ತು.

"ಚೆಲ್ಲಾಕ ಬೆಲ್ಲಾ ಇದ್ದಿದ್ರ ಚಾದಾಗ ಹಾಕ್ಕೋತಿದ್ದಿಲ್ಲೇನ್ರಿ ಯಪ್ಪಾ?"

ಅವರು ನಗಲಿಲ್ಲ. ಇಲಿಯ ಮೂತ್ರಕ್ಕೆ ಸಕ್ಕರೆ ಪತ್ತೆಹಚ್ಚುವ ನೀಲಿ ದ್ರಾವಣ ಬೆರೆಸಿ ಕಾಯಿಸಿದರು. ಇಟ್ಟಂಗಿಯ ಬಣ್ಣಕ್ಕೆ ತಿರುಗಿತು; ಸಕ್ಕರೆ ಇತ್ತು. ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು, ಕನ್ನಡಕ ತೆಗೆದು ಕಣ್ಣುಜ್ಜಿ ಮತ್ತೆ ನೋಡಿದರು. ಕಸಿ ಸೋತದ್ದು ಇದು ಮೊದಲ ಸಲವೇನಲ್ಲ; ಹಿಂದಿನ ಇಲಿಗಳಲ್ಲೂ ಹೀಗೇ ಆಗಿತ್ತು. ದಿನವಿಡೀ ಹೊಸ ಪೊರೆ ಕತ್ತರಿಸುತ್ತ ಕುಳಿತರು.

ಸಂಜೆ ಶಾಲೆ ಬಿಟ್ಟು ಅವರ ಮಗಳು ಬಂದಳು. ದಿನಾ ಎರಡು ಹೊತ್ತು ಇನ್ಸುಲಿನ್ ಚುಚ್ಚಿಸಿಕೊಳ್ಳುವ ಹುಡುಗಿ. ಬಾಗಿಲಲ್ಲೇ ನಿಂತು ಕೇಳಿದಳು:

"ಅಪ್ಪಾ, ಇರಿವಿ ಬಂದಾವೇನ?"

"ಬಂದಾವವ್ವಾ."

ಅವಳು ಪಾಟಿಚೀಲ ಇಳಿಸಿ ತೋಳು ಚಾಚಿದಳು. ಡಾಕ್ಟರರು ಸೂಜಿ ಚುಚ್ಚಿದರು. ಗಾಜಿನ ಸಿರಿಂಜನ್ನು ನಾನು ತೊಳೆದು, ಕುದಿಸಿ, ಮರುದಿನಕ್ಕೆಂದು ಡಬ್ಬಿಯಲ್ಲಿಟ್ಟು ಮುಚ್ಚಿದೆ.