ಹೊಸ ಮಣೆಗೆ ಹಳೇ ಬಣ್ಣ
ಮೂಕಂಡಪಲ್ಲಿಯ ರಾಮಕೃಷ್ಣಪ್ಪ ವಾರವಿಡೀ ಕಾರ್ಖಾನೆಯಲ್ಲಿ ಸಾಮಾನುಗಳಿಗೆ ಹೊಳಪು ಕೊಡುತ್ತಾರೆ, ಭಾನುವಾರ ಮನೆಯಲ್ಲಿ ಕೂತು ಹೊಳಪು ತೆಗೆಯುತ್ತಾರೆ. ಹೊಸ ಸ್ಟೂಲು ಕಂಡರೆ ಉಪ್ಪುಕಾಗದ ಹಿಡಿದು ಉಜ್ಜುತ್ತಾರೆ. ಗಡಿಯಾರದ ಚೌಕಟ್ಟಿಗೆ ಮೇಣದಬತ್ತಿ ಸವರಿ, ಮೇಲೆ ಬಣ್ಣ ಬಳಿದು, ಒಣಗಿದ ಮೇಲೆ ಅಲ್ಲಲ್ಲಿ ಕೆರೆಯುತ್ತಾರೆ. ಕ್ಯಾಲೆಂಡರಿನ ದೇವರಿಗೂ ಟೀ ಡಿಕಾಕ್ಷನ್ನಿನ ಅಭಿಷೇಕವಾಗಿದೆ. ನೋಡಲು ಬಂದವರಿಗೆಲ್ಲ ಒಂದೇ ಮಾತು: "ಇನ್ನೊಂದಿಪ್ಪತ್ತು ವರ್ಷ ಹಳೇದಾಗ್ಬೇಕು, ಸಾಯಂಕಾಲ ಬನ್ನಿ." ಹೆಂಡತಿ ಚೆಲುವಮ್ಮ ತಮ್ಮ ಹೊಸ ಪಾತ್ರೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ರಾಮಕೃಷ್ಣಪ್ಪನವರಿಗೆ ಈ ಹುಚ್ಚು ಹತ್ತಿದ್ದು ತಾಯಿ ಮಾಲೂರಿನಿಂದ ಬಂದ ಮೇಲೆ. ಮರೆವಿನ ಕಾಯಿಲೆಯ ಆ ಅಜ್ಜಿ ಊಟದ ಹೊತ್ತಿಗೆಲ್ಲ, "ಎಲ್ಲಾ ಹೊಸಾದು, ಇದ್ಯಾರ ಮನೆಯೋ? ನಾನಿಲ್ಲಿ ಉಣ್ಣಲ್ಲ ಹೋಗ್ಲಾ" ಎಂದು ಬಾಗಿಲಲ್ಲೇ ಕೂತುಬಿಡುತ್ತಿದ್ದರು. ಕಳೆದ ಭಾನುವಾರ ರಾಮಕೃಷ್ಣಪ್ಪ ಒಂದು ಹೊಸ ಮಣೆಯ ಅಂಚು ಸವೆಸಿ, ಡಿಕಾಕ್ಷನ್ ಕುಡಿಸಿ, ಎಣ್ಣೆ ಒರೆಸಿ ಅಡಿಗೆಮನೆಯಲ್ಲಿ ಹಾಕಿದರು. ಅಜ್ಜಿ ಬಂದು ಅದನ್ನು ಬೆರಳಿನಿಂದ ಸವರಿದರು, ಸೆರಗು ಸರಿಮಾಡಿಕೊಂಡು ಕುಳಿತರು. "ನಮ್ಮ ಮಣೆ ಕಣ್ಲಾ ಇದು! ಮುದ್ದೆ ಇಕ್ಕು, ಹೊಟ್ಟೆ ಹಸೀತೈತೆ." ರಾಮಕೃಷ್ಣಪ್ಪ "ಗೆದ್ದೆ ಕಣೇ!" ಎಂದು ಬಣ್ಣ ಮೆತ್ತಿದ ಕೈಯಲ್ಲೇ ಚೆಲುವಮ್ಮನನ್ನು ಹಿಡಿದು ಕುಣಿದರು. ಅಜ್ಜಿ ಎರಡನೇ ಮುದ್ದೆಯನ್ನೂ ಕೇಳಿ ಹಾಕಿಸಿಕೊಂಡರು.