ಗುಜರಿಗೆ ಹೋದ ಉಕ್ಕಿನ ಬಳೆ

ದಿಲ್ಲಿಯ ಲೋಧಿ ಕಾಲೋನಿಯ ಸರ್ಕಾರಿ ಮನೆಗಳಲ್ಲಿ ನಲ್ಲಿ ಸೋರಿದರೆ ದೂರಿನ ಪುಸ್ತಕದಲ್ಲಿ ಬರೆದು, ಅಡಿಗೊಂದು ಬಕೆಟ್ ಇಟ್ಟು, ಕೈಕಟ್ಟಿ ಕೂರುವುದು ವಾಡಿಕೆ. ಅಂಥ ಜನರ ನಡುವೆ ತಿಪ್ಪೇಸ್ವಾಮಿ ಇಪ್ಪತ್ತೆರಡು ವರ್ಷ ಬಾಳಿದ. ಅವರಲ್ಲಿ ಒಬ್ಬನನ್ನೂ ಎರಡು ಕೈಯಿರುವ ಪ್ರಾಣಿಯೆಂದು ಒಪ್ಪಿಕೊಳ್ಳಲಿಲ್ಲ. ಐದು ನಿಮಿಷದ ವಾಷರಿಗೆ ಐದು ದಿನ ಕಾಯುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ.

ಅವನ ವಿದ್ಯೆ ಯಾವ ಮೇಷ್ಟರೂ ಹೇಳಿಕೊಟ್ಟದ್ದಲ್ಲ. ಚಳ್ಳಕೆರೆಯ ಕಡೆ ಕಡಲೆಕಾಯಿ ಸುಲಿಯುವ ಯಂತ್ರದ ಹೊಟ್ಟೆಯಡಿ ತೆವಳಿ, ಎಣ್ಣೆ ಕುಡಿದು, ಬೆರಳು ಜಜ್ಜಿಕೊಂಡು ಕಲಿತದ್ದು. ಆಮೇಲೆ ಗುಮಾಸ್ತನಾಗಿ ದಿಲ್ಲಿಗೆ ಬಂದ. ಮೂವತ್ತಾರು ವರ್ಷ ಫೈಲು ಕಟ್ಟಿದ. ಹೊಟ್ಟೆಪಾಡು ಫೈಲಿನದಾದರೂ ಜೀವ ಇದ್ದದ್ದು ಮಾತ್ರ ಮನೆಯ ಹಿಂದಿನ ಸ್ಕೂಟರ್ ಗ್ಯಾರೇಜಿನಲ್ಲಿ. ಅಲ್ಲಿ ಹದಿಮೂರು ವರ್ಷದ ಬುಲೆಟ್ ನಿಂತಿರುತ್ತಿತ್ತು. ಅದಕ್ಕೆ ಬೇರೊಬ್ಬನ ಸ್ಪ್ಯಾನರ್ ತಾಗಿಲ್ಲವೆಂಬುದು ಅವನ ಹೆಮ್ಮೆ.

ನಿವೃತ್ತಿಯಾಗಿ ಆರು ತಿಂಗಳು ಕಳೆದವು. ಬರುವ ಭಾನುವಾರ ಮನೆ ಖಾಲಿ ಮಾಡಿ ಮಯೂರ್ ವಿಹಾರದ ಸೊಸೈಟಿ ಫ್ಲ್ಯಾಟಿಗೆ ಹೋಗಬೇಕು. ಸರಿಯಾಗಿ ಆಗಲೇ ಬುಲೆಟ್ಟಿನ ಎಡಮಗ್ಗುಲು ಕೆಮ್ಮತೊಡಗಿತು. ಎಂಜಿನ್ನಿನ ಬಲವನ್ನು ಕ್ಲಚ್ಚಿಗೆ ಒಯ್ಯುವ ಪ್ರೈಮರಿ ಚೈನು ಸಡಿಲವಾಗಿ, ಬೀಸುಕಲ್ಲಿಗೆ ಸಿಕ್ಕ ಹರಳಿನಂತೆ ಗರಗರ ಎನ್ನುತ್ತಿತ್ತು.

ಹೆಂಡತಿ ಲೀಲಮ್ಮ ಒಂದೇ ಮಾತು ಹೇಳಿದಳು.

“ಭಾನುವಾರ ಅದು ತನ್ನ ಕಾಲಿನ ಮೇಲೆ ಬಂದರೆ ಬರಲಿ. ಟೆಂಪೋದಲ್ಲಿ ಹೊತ್ತುಕೊಂಡು ಹೋಗೋಕೆ ಅದೇನು ನಮ್ಮತ್ತೆಯಾ? ಓಡದಿದ್ರೆ ಬನವಾರಿ ಕೈಗೆ ಕೊಟ್ಟುಬಿಡ್ತೀನಿ.”

ಬನವಾರಿ ಎಂದರೆ ಓಣಿಯ ಗುಜರಿಯವನು. ಲೀಲಮ್ಮ ಆಡಿದರೆ ಮಾಡುವವಳು; ಹಿಂದೆ ಹೊಲಿಗೆ ಯಂತ್ರವನ್ನು ಹಾಗೇ ಸಾಗಹಾಕಿದ್ದಳು.

ಪಕ್ಕದ ಮನೆಯ ಯೋಗೀಶ ಇಣುಕಿದ. ಅವನ ಹತ್ತಿರವೂ ಹೊಸ ಬುಲೆಟ್ ಇದೆ. ಒರೆಸಲು ಒಬ್ಬ ಆಳೂ ಇದ್ದಾನೆ.

“ಸಾರ್, ಮೆಕ್ಯಾನಿಕ್ಕಿಗೆ ಕೊಡಬಾರದಾ? ಯಾಕೆ ಈ ವಯಸ್ಸಲ್ಲಿ?”

“ನೀನು ಮೀಸೆ ಬೋಳಿಸೋಕೂ ಆಳಿಡ್ತೀಯಾ?” ಎಂದ ತಿಪ್ಪೇಸ್ವಾಮಿ, ತಲೆಯೆತ್ತದೆ.

ಬುಧವಾರ ಬೆಳಿಗ್ಗೆ ಕೆಲಸ ಹಿಡಿದ. ಹಳೆಯ ರೊಟ್ಟಿಹಂಚನ್ನು ಅಡಿಗಿಟ್ಟು ಎಣ್ಣೆ ಇಳಿಸಿದ. ಮುಚ್ಚಳ ತೆಗೆದ. ಬೀದಿ ಮೆಕ್ಯಾನಿಕ್ಕುಗಳಾದರೆ ಕ್ಲಚ್ಚಿನ ನಟ್ಟಿಗೆ ಉಳಿಯಿಟ್ಟು ಸುತ್ತಿಗೆಯಿಂದ ಬಾರಿಸುತ್ತಾರೆ, ಕಲ್ಲು ಒಡೆಯುವವರ ಹಾಗೆ. ತಿಪ್ಪೇಸ್ವಾಮಿ ಸವೆದ ಎರಡು ಕ್ಲಚ್ ಪ್ಲೇಟಿಗೆ ಕಬ್ಬಿಣದ ಪಟ್ಟಿ ಬಿಗಿದು ತಾನೇ ಒಂದು ಹಿಡಿಕೆ ಮಾಡಿಕೊಂಡಿದ್ದ. ಅದನ್ನು ತೊಡಿಸಿದರೆ ಕ್ಲಚ್ಚು ಅಲ್ಲಾಡದೆ ನಿಲ್ಲುತ್ತದೆ, ನಟ್ಟು ಸಲೀಸಾಗಿ ಬಿಚ್ಚುತ್ತದೆ. ಚೈನೂ ಎರಡು ಹಲ್ಲುಚಕ್ರಗಳೂ ಒಟ್ಟಿಗೇ ಕೈಗೆ ಬಂದವು. ಹಲ್ಲುಗಳು ಸವೆದು ಗಿಳಿಮೂಗಿನಂತೆ ಬಾಗಿದ್ದವು.

ಬಿಚ್ಚಿದ್ದನ್ನೆಲ್ಲ ಅವನು ಕಚೇರಿಯ ರೀತಿಯಲ್ಲೇ ಕಟ್ಟಿಟ್ಟ. ಫೈಲು ಕಟ್ಟುವ ಬಿಳಿ ಲಾಡಿ, ಅದಕ್ಕೊಂದು ಚೀಟಿ. ದೊಡ್ಡ ಭಾಗ ಮೂಲಪತ್ರವಾದರೆ, ಅದರ ಜೊತೆಯ ವಾಷರು, ಬಳೆ, ಗೂಟಗಳೆಲ್ಲ ಅದರ ಅಡಕ. ಅಡಕ ಮೂಲಪತ್ರದಿಂದ ಬೇರೆಯಾಗಕೂಡದು. ಮೂವತ್ತಾರು ವರ್ಷದಲ್ಲಿ ಅವನ ಒಂದು ಅಡಕವೂ ಕಳೆದಿರಲಿಲ್ಲ.

ಗುರುವಾರ ಅಂಗಡಿಗೆ ಹೋಗಿ ಹೊಸ ಚೈನು, ಹೊಸ ಹಲ್ಲುಚಕ್ರಗಳನ್ನು ತಂದ. “ಅಂಕಲ್, ಮೆಕ್ಯಾನಿಕ್ ಕೋ ಭೇಜೋ”, ಮೆಕ್ಯಾನಿಕ್ಕನ್ನು ಕಳಿಸಿ, ಎಂದು ಹಲ್ಲುಕಿರಿದ ಅಂಗಡಿಯವನಿಗೆ, ಚೈನಿನ ಕೊಂಡಿ ಎಣಿಸಲು ಬರುತ್ತದೆಯೇ ಎಂದು ಕೇಳಿ ಮುಖ ಕೆಡಿಸಿ ಬಂದ.

ಶುಕ್ರವಾರ ಮನೆಯಲ್ಲಿ ಗಂಟುಮೂಟೆ. “ಬೇಡದ್ದನ್ನೆಲ್ಲ ಇವತ್ತೇ ಹಾಕಿ, ಬನವಾರಿ ಬಂದಿದ್ದಾನೆ” ಎಂದು ಲೀಲಮ್ಮ ಕೂಗಿದಳು. ತಿಪ್ಪೇಸ್ವಾಮಿಗೆ ಇದು ಬಲು ಪರಿಚಿತ ಕೆಲಸ. ಹೊಸ ಆದೇಶ ಬಂದ ಮೇಲೆ ಹಳೆಯ ಫೈಲನ್ನು ವಿಲೇವಾರಿ ಮಾಡಬೇಕು. ಹಳೆಯ ಚೈನು, ಹಳೆಯ ಹಲ್ಲುಚಕ್ರದ ಕಟ್ಟು, ಎಲ್ಲವನ್ನೂ ಲಾಡಿ ಬಿಚ್ಚದೆ ತಾನೇ ಒಯ್ದು ಬನವಾರಿಯ ಗಾಡಿಗೆ ಎಸೆದ.

ಶನಿವಾರ ಮಧ್ಯಾಹ್ನ ಜೋಡಿಸಲು ಕುಳಿತ. ಹೊಸ ಹಲ್ಲುಚಕ್ರ ಹೂವಿನಂತೆ ಕೂತಿತು. ಚೈನು ಏರಿತು. ಅದರ ಮುಂದೆ, ಕರೆಂಟು ಹುಟ್ಟಿಸುವ ಗುಂಡು ಚಕ್ರವನ್ನು ತೊಡಿಸಿ ನಟ್ಟು ಬಿಗಿದರೆ ಅದು ಹಿಂದಕ್ಕೆ ಸರಿದು ಚೈನಿಗೇ ಮುತ್ತಿಕ್ಕಿತು. ಬಿಚ್ಚಿ ಮತ್ತೆ ಹಾಕಿದ. ಮತ್ತೆ ಅದೇ. ಆಗ ಹೊಳೆಯಿತು. ಹಲ್ಲುಚಕ್ರಕ್ಕೂ ಗುಂಡು ಚಕ್ರಕ್ಕೂ ನಡುವೆ ಒಂದು ಉಕ್ಕಿನ ಬಳೆಯಿರಬೇಕು. ಅದು ಹಳೆಯ ಹಲ್ಲುಚಕ್ರದ ಜೊತೆ ಕಟ್ಟಿದ ಅಡಕ. ಮೂಲಪತ್ರದ ಜೊತೆ ಅದೂ ಗುಜರಿ ಸೇರಿತ್ತು.

ಅಂಗಡಿಗೆ ಫೋನು ಮಾಡಿದ. ಬರೀ ಬಳೆ ಬೇಕೆಂದರೆ ತರಿಸಬೇಕು, ಮಂಗಳವಾರ ನೋಡೋಣ ಎಂದ ಅಂಗಡಿಯವನು, ಸಕ್ಕರೆಯಂಥ ದನಿಯಲ್ಲಿ.

ಪಕ್ಕದ ಕೋಟ್ಲಾ ಬಡಾವಣೆಯ ಹಿಂದೆ ಬನವಾರಿಯ ಅಡ್ಡೆ. ತಿಪ್ಪೇಸ್ವಾಮಿ ಈ ಮನುಷ್ಯನೊಡನೆ ಇಪ್ಪತ್ತು ವರ್ಷದಲ್ಲಿ ಇಪ್ಪತ್ತು ಮಾತಾಡಿರಲಿಲ್ಲ. ಕಂಡವರ ಕಸ ಹೊರುವವನ ಹತ್ತಿರ ಏನು ಮಾತು? ಈಗ ಅವನ ಮುಂದೆ ನಿಂತು ವಿಷಯ ಹೇಳಬೇಕಾಯಿತು.

ಬನವಾರಿ ಬೀಡಿ ಆರಿಸಲಿಲ್ಲ. “ಎಸೆಯುವಾಗ ಕಣ್ಣಿಲ್ಲ, ಎಸೆದ ಮೇಲೆ ಕಣ್ಣೀರು. ಸರ್ಕಾರಿ ಬಾಬುಗಳ ಹಣೆಬರಹವೇ ಇಷ್ಟು,” ಎಂದ ಹಿಂದಿಯಲ್ಲಿ. “ಲಾಡಿ ಕತ್ತರಿಸಿ ಎಲ್ಲ ರಾಶಿಗೆ ಸುರಿದಾಯ್ತು. ಅಲ್ಲಿದೆ ರಾಶಿ. ಕೂತು ಹುಡುಕಿ ಬಾಬೂಜೀ.”

ಕೂತ. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಕೂತ. ಗಂಟೆ ಕಳೆಯಿತು. ಅದೇ ಅಳತೆಯ ಬಳೆಗಳು ಒಂಬತ್ತು ಸಿಕ್ಕವು. ಎಲ್ಲ ಕಪ್ಪು, ಎಲ್ಲ ಜಿಡ್ಡು. ನೀರಿನ ಪೈಪಿನದು ಯಾವುದು, ಎಂಜಿನ್ನಿನದು ಯಾವುದು? ಮೆತ್ತನೆಯ ಕಬ್ಬಿಣ ಹಾಕಿದರೆ ತಿಂಗಳೊಳಗೆ ಜಜ್ಜಿಹೋಗುತ್ತದೆ. ಕಿವಿಯ ಹತ್ತಿರ ಹಿಡಿದು ತಟ್ಟಿದ. ಬುಲೆಟ್ಟಿನ ಕಾಯಿಲೆಯನ್ನು ಓಣಿಯ ಆಚೆಯಿಂದ ಕೇಳಿ ಹೇಳುವ ಕಿವಿ ಅದು. ಒಂಬತ್ತೂ ಒಂದೇ ಎಂದಿತು.

ಬನವಾರಿ ಕೂತಲ್ಲಿಂದಲೇ ಹೇಳಿದ, “ಕೈಯಲ್ಲಿ ಹಿಡಿದ್ರೆ ಅದು ಹೇಗೆ ಮಾತಾಡುತ್ತೆ? ಕುತ್ತಿಗೆ ಹಿಸುಕಿ ಹಾಡು ಅಂದ ಹಾಗಾಯ್ತು. ಇಲ್ಲಿ ಕೊಡಿ.”

ಒಂದೊಂದನ್ನೇ ಸಿಮೆಂಟಿನ ಮೇಲೆ ಬೀಳಿಸಿದ. ಧಪ್. ಧಪ್. ಠಪ್. ಆರನೆಯದು ಪುಟಿಯಿತು, ಸಣ್ಣ ಗೆಜ್ಜೆಯ ದನಿ, ಎರಡು ಕ್ಷಣ ಉಳಿಯಿತು.

“ಇದು ಬೆಂಕಿ ಉಂಡ ಉಕ್ಕು. ಉಳಿದದ್ದು ಹಸಿ ಕಬ್ಬಿಣ.”

“ಇನ್ನೊಂದ್ಸಲ ಹಾಕು,” ಎಂದ ತಿಪ್ಪೇಸ್ವಾಮಿ.

ಮೂರು ಸಲ ಹಾಕಿಸಿದ. ಮೂರನೆಯ ಸಲ ಅವನಿಗೂ ಕೇಳಿಸಿತು. ಯಾವ ಮೇಷ್ಟರು ಹೇಳಿಕೊಟ್ಟರು ಈ ಕತ್ತೆಗೆ? ಯಾರೂ ಇರಲಾರರು. ಆ ಯೋಚನೆ ಬಂದದ್ದೇ ಅವನಿಗೆ ಇನ್ನಷ್ಟು ಸಿಟ್ಟು ಬಂತು. ಎದ್ದು ಪ್ಯಾಂಟು ಕೊಡವಿಕೊಂಡ. ಬಾಯಲ್ಲಿ ಶಾಬಾಷ್ ಎಂಬ ಮಾತು ಬಂದು ಹಲ್ಲಿಗೆ ತಾಗಿ ವಾಪಸಾಯಿತು. ಕೊನೆಗೆ, “ಕಿವಿ ಪರವಾಗಿಲ್ಲ,” ಎಂದ.

“ಬಳೆ ಒಯ್ಯಿರಿ. ನಾಳೆ ಬುಲೆಟ್ ಸಮೇತ ನನ್ನ ಹತ್ತಿರಕ್ಕೇ ಬರುತ್ತಲ್ಲ!” ಎಂದು ನಕ್ಕ ಬನವಾರಿ.

ದೀಪ ಹಚ್ಚುವ ಹೊತ್ತಿಗೆ ಬಳೆ ಕೂತಿತು, ಗುಂಡು ಚಕ್ರ ತನ್ನ ಜಾಗದಲ್ಲಿ ನಿಂತಿತು. ಸುತ್ತಲಿನ ಸಂದಿಯನ್ನು ಫೈಲಿನ ರಟ್ಟು ಕತ್ತರಿಸಿ ತೂರಿಸಿ ನೋಡಿದ. ಎಲ್ಲ ಕಡೆ ಸಮ. ಚೈನನ್ನು ಒಂದು ಕಡೆ ಮಾತ್ರ ಮುಟ್ಟಿ ಬಿಗಿ ನೋಡುವ ಅವಿವೇಕಿ ಅವನಲ್ಲ. ಚಕ್ರ ತಿರುಗಿಸುತ್ತ ಎಲ್ಲಿ ಅತಿ ಬಿಗಿಯೋ ಅಲ್ಲಿ ಬೆರಳಿನಷ್ಟು ಆಟ ಬಿಟ್ಟ. ಎಣ್ಣೆ ಹೊಯ್ದು ಮುಚ್ಚಳ ಮುಚ್ಚಿದ.

ಭಾನುವಾರ ಎಂಟಕ್ಕೆ ಟೆಂಪೋ ಬಂತು. ಹಿಂದೆಯೇ ಬನವಾರಿಯ ಗಾಡಿಯೂ ಬಂತು. ಲೀಲಮ್ಮ ಮೊದಲೇ ಹೇಳಿ ಕಳಿಸಿದ್ದಳು. ಯೋಗೀಶ ಚಹದ ಲೋಟ ಹಿಡಿದು ಬಾಲ್ಕನಿಗೆ ಬಂದ. ತಿಪ್ಪೇಸ್ವಾಮಿ ಒದ್ದ. ಇಲ್ಲ. ಮತ್ತೆ ಒದ್ದ. ಇಲ್ಲ. ಮೂರನೆಯದಕ್ಕೆ ಬುಲೆಟ್ ಗುಡುಗಿತು. ಎಡಮಗ್ಗುಲಿನ ಗರಗರ ಇಲ್ಲ. ತುಪ್ಪದಲ್ಲಿ ಸೌಟು ಆಡಿದ ಹಾಗೆ.

ಅವನು ಯೋಗೀಶನ ಕಡೆ ನೋಡಲಿಲ್ಲ. ನೋಡಿದ್ದು ಬನವಾರಿಯ ಕಡೆ. ಬನವಾರಿ ಕತ್ತು ವಾಲಿಸಿ ಒಂದು ಗಳಿಗೆ ಕೇಳಿದ. ಖಾಲಿ ಗಾಡಿಯನ್ನು ತಿರುಗಿಸಿದ. ತಿಪ್ಪೇಸ್ವಾಮಿ ಆಗ ಉಸಿರುಬಿಟ್ಟ.

ಲೀಲಮ್ಮ ಟೆಂಪೋದ ಮುಂದಿನ ಸೀಟು ನೋಡಿದಳು, ಗುಟ್ಕಾ ಜಗಿಯುತ್ತಿದ್ದ ಡ್ರೈವರನನ್ನು ನೋಡಿದಳು, ಸೆರಗು ಬಿಗಿದು ಬುಲೆಟ್ಟಿನ ಹಿಂದೆ ಹತ್ತಿದಳು. ಯಮುನೆಯ ಸೇತುವೆ ದಾಟುವಾಗ ಗಂಡನ ಬೆನ್ನು ತಿವಿದಳು.

“ರೀ, ಈಗೇನಾದ್ರೂ ಸದ್ದು ಇದೆಯಾ?”

“ಇಲ್ಲ. ಯಾಕೆ ಅಂದ್ರೆ, ಈ ದಿಲ್ಲಿ ಮೆಕ್ಯಾನಿಕ್ಕುಗಳಲ್ಲಿ ಒಬ್ಬನಿಗಾದ್ರೂ...”

“ಇಲ್ಲ ತಾನೆ? ಹಾಗಾದ್ರೆ ನೀವೂ ಸದ್ದು ಮಾಡ್ಬೇಡಿ. ರಸ್ತೆ ನೋಡಿ ಓಡಿಸಿ.”