ಪಾಲಿಗೆ ಬಂದ ವಿಮಾನಗಳು

ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಒಂದು ಕಬ್ಬಿಣದ ಕಂಬದ ಮೇಲೆ. ಅದು ಇರುವುದು ಕಡಲ ದಡದ ಬೆಳಂಬಾರದಲ್ಲಿ, ನನ್ನ ಹೆಂಡತಿಯ ತವರುಮನೆಯ ಪಕ್ಕದ ಮನೆಯ ತಾರಸಿಯ ಮೇಲೆ. ಆ ಮನೆಯವನು ಮೀನುಗಾರ. ನಾನು ಊರಿನ ಅಳಿಯನಾದ್ದರಿಂದ ಅವನ ಬಾಯಲ್ಲಿ ಭಾವ. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುವಾಗ ತಪ್ಪು ಯಾರದು ಎಂಬ ಗೊಂದಲ ಬೇಡ.

ವಿಮಾನ ಹಿಡಿಯುವ ಹುಚ್ಚು ಮೊದಲು ಹತ್ತಿದ್ದು ನನಗೆ. ಆಕಾಶದಲ್ಲಿ ಹೋಗುವ ವಿಮಾನ ತಾನು ಯಾರು, ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಎಂದು ರೇಡಿಯೋದಲ್ಲಿ ಸಾರಿಕೊಂಡೇ ಹೋಗುತ್ತದೆ. ಒಂದು ಆಂಟೆನಾ, ಬೆರಳುದ್ದದ ರಿಸೀವರು, ಅಂಗೈಯಗಲದ ಕಂಪ್ಯೂಟರು ಇದ್ದರೆ ಅದನ್ನೆಲ್ಲ ಮನೆಯಲ್ಲೇ ಹಿಡಿದು ಫೋನಿನ ನಕಾಶೆಯಲ್ಲಿ ನೋಡಬಹುದು. ಗುಡ್ಡಗಳ ನಡುವಿನ ಕಿನ್ನರ ಎಂಬ ಊರಿನ ನನ್ನ ಮನೆಯಲ್ಲಿ ಇದನ್ನು ಸರಿಮಾಡಿಕೊಳ್ಳಲು ಇಡೀ ಚಳಿಗಾಲ ಹಿಡಿಯಿತು. ಆಂಟೆನಾ ಕಿಟಕಿಯಲ್ಲಿದ್ದಾಗ ಎರಡೇ ವಿಮಾನ ಸಿಕ್ಕವು. ತಾರಸಿಗೆ ಏರಿಸಿದೆ, ಒಂಬತ್ತಾದವು. ಕೇಬಲ್ಲು ಉದ್ದವಾಯಿತೆಂದು ಕತ್ತರಿಸಿದೆ. ಮೊಬೈಲ್ ಟವರಿನ ಗದ್ದಲ ಒಳಗೆ ನುಗ್ಗುತ್ತಿದೆಯೆಂದು ಫಿಲ್ಟರ್ ತರಿಸಿ ಹಾಕಿದೆ. ಹೆಂಡತಿ ಬಟ್ಟೆ ಒಣಹಾಕುವ ತಂತಿಯನ್ನು ಬಿಚ್ಚಿದ್ದಕ್ಕೆ ವಾರವಿಡೀ ಬೈಸಿಕೊಂಡೆ. ಏನು ಮಾಡಿದರೂ ಗುಡ್ಡ ಮಾತ್ರ ಜರುಗಲಿಲ್ಲ. ನನ್ನ ಪಾಲಿಗೆ ಉಳಿದದ್ದು ವಾಯವ್ಯಕ್ಕೆ ಒಂದು ಸೀಳು ಆಕಾಶ, ಗೋವೆಗೆ ಇಳಿಯುವ ವಿಮಾನಗಳು ಕಾಣುವಷ್ಟು.

ಆದರೂ ಉಬ್ಬಿಹೋಗಿದ್ದೆ. ಹೀಗೆ ಹಿಡಿಯುವವರೆಲ್ಲ ತಮ್ಮ ಎಣಿಕೆ ಹಾಕುವ ಜಾಲತಾಣವೊಂದರಲ್ಲಿ ನಮ್ಮ ಕಡೆಯವನೆಂದು ಇದ್ದವನು ನಾನೊಬ್ಬನೇ. ಮೊದಲ ಸ್ಥಾನ ನನ್ನದೆಂದು ಆಫೀಸಿನಲ್ಲಿ ಹೇಳಿಕೊಂಡು ತಿರುಗಿದೆ. ಎಷ್ಟು ಜನರಲ್ಲಿ ಎಂದು ಯಾರೂ ಕೇಳಲಿಲ್ಲ, ಪುಣ್ಯ.

ಬೆಳಂಬಾರಕ್ಕೆ ಹೋದಾಗ ಪಕ್ಕದ ಮನೆಯ ಆ ಮೀನುಗಾರನಿಗೂ ತೋರಿಸಿದೆ. ಮೆಚ್ಚಿಕೊಳ್ಳಲಿ ಅಂತಲೇ ತೋರಿಸಿದ್ದು. ಅವನು ಮೆಚ್ಚಿ, "ನಂಗೂ ಒಂದ್ ಮಾಡ್ಕೊಡ್ರಾ ಭಾವಾ" ಅಂದ. ದೊಡ್ಡಸ್ತಿಕೆ ತೋರಿಸಲು ಹೋಗಿ ನನ್ನ ಹಳೆಯ ರಿಸೀವರು, ಆಂಟೆನಾ ಎಲ್ಲ ಕೊಟ್ಟೆ. ದೋಣಿಗೆ ವೈರ್‌ಲೆಸ್ ಕಟ್ಟಿ ಪಳಗಿದ ಕೈ ಅವನದು. ಒಂದೇ ಮಧ್ಯಾಹ್ನದಲ್ಲಿ ಕಂಬ ನಿಲ್ಲಿಸಿ, ಆಂಟೆನಾವನ್ನು ಬಲೆಯ ನೂಲಿನಿಂದ ಬಿಗಿದು, ಕೇಬಲ್ಲನ್ನು ನೇರವಾಗಿ ಕೆಳಗಿಳಿಸಿ ಮುಗಿಸಿದ.

ಮರುದಿನ ಅವನ ನಕಾಶೆ ತೆರೆದು ನೋಡಿದೆ. ಸಮುದ್ರದ ಮೇಲೆಲ್ಲ ವಿಮಾನ. ಗಲ್ಫಿನಿಂದ ಬರುವವು, ಗಲ್ಫಿಗೆ ಹೋಗುವವು, ನಾನು ಹೆಸರೂ ಕೇಳದ ಕಂಪನಿಗಳವು. ಎದುರಿಗೆ ಬರೀ ನೀರು, ಅಡ್ಡ ಬರಲು ಒಂದು ಮರವೂ ಇಲ್ಲ. ಪಟ್ಟಿಯಲ್ಲಿ ಈಗ ಇಬ್ಬರು. ನಾನು ಎರಡನೆಯವನು.

ಹೊಟ್ಟೆ ಉರಿದುಹೋಯಿತು. ಡಿಪ್ಲೊಮಾ ಓದಿದವನು ನಾನು, ಫಿಲ್ಟರ್ ಎಂದರೆ ಚಹಾ ಸೋಸುವುದು ಅಂದುಕೊಂಡವನು ಅವನು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಅವನ ಎಣಿಕೆ ನೋಡುತ್ತಿದ್ದೆ, ಆಮೇಲೆ ನನ್ನದು. ಬೆಳಂಬಾರದಲ್ಲಿ ಕರೆಂಟು ಹೋಗಿ ಅವನದು ನಿಂತ ದಿನ ನನಗೆ ಎರಡು ದೋಸೆ ಹೆಚ್ಚು ಸೇರುತ್ತಿತ್ತು. ಭಾನುವಾರ ಬಂತೆಂದರೆ ಅವನ ಫೋನು: "ಭಾವಾ, ಇಂದ್ ನಮ್ದು ಇನ್ನೂರ್ ದಾಟ್ತು!" ಆ 'ನಮ್ದು' ಕಿವಿಗೆ ಬಿದ್ದರೆ ಸಾಕು, ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಜೂನಿನಲ್ಲಿ ಮಳೆ ಹಿಡಿಯಿತು. ಮೀನುಗಾರಿಕೆಗೆ ರಜೆ, ದೋಣಿಗಳೆಲ್ಲ ದಡದ ಮೇಲೆ. ಒಂದು ದಿನ ಅವನ ಎಣಿಕೆ ಸೊನ್ನೆಗೆ ಇಳಿಯಿತು, ಮರುದಿನವೂ ಏಳಲಿಲ್ಲ. "ಒಂದೂ ಬರೂದಿಲ್ಲ ಭಾವಾ, ಎಂತಾಯ್ತೋ ಒಂಚೂರ್ ಬಂದ್ ನೋಡ್ರಾ" ಎಂದು ಕರೆದ. ಕುಣಿಯುತ್ತ ಹೋದೆ ಎಂದರೆ ಸುಳ್ಳಲ್ಲ.

ಅವನು ಕೆಳಗೆ ಏಣಿ ಹಿಡಿದು ನಿಂತ. ನಾನು ಮೇಲೆ ಹತ್ತಿ ಆಂಟೆನಾಕ್ಕೂ ಕೇಬಲ್ಲಿಗೂ ನಡುವಿನ ಜೋಡಣೆ ಬಿಚ್ಚಿದೆ. ನೀರು ಇಳಿದು ಒಳಗೆಲ್ಲ ಹಸಿರು ಕಿಲುಬು. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದರೆ ಹತ್ತು ನಿಮಿಷದ ಕೆಲಸ, ಕನೆಕ್ಟರು ನನ್ನ ಚೀಲದಲ್ಲೇ ಇತ್ತು. ಬಿಚ್ಚಿದ್ದನ್ನು ಹಾಗೆಯೇ ತಿರುಗಿಸಿ ಮುಚ್ಚಿದೆ. ಇಳಿದು ಬಂದು, "ರಿಸೀವರೇ ಸತ್ತದೆ. ಎಂತ ಮಾಡೂಕೂ ಆಗೂದಿಲ್ಲ" ಅಂದೆ.

ಅವನು ಏಣಿ ಎತ್ತಿ ಗೋಡೆಗೆ ಒರಗಿಸಿದ. ಆಮೇಲೆ, "ಹೋಗ್ಲಿ ಬಿಡ್ರಾ. ಕಂಬ ಅದೆ ಅಲ್ಲಾ? ನಿಮ್ದೇ ತಂದ್ ಇಲ್ಲಿ ಹಚ್ಚಿ. ಆ ಗುಡ್ಡ ನೋಡ್ತಾ ಎಂತಕ್ಕೆ ಕೂರೂದು?" ಅಂದ.

"ಹಂಗಾರೆ ನನ್ನ ಹೆಸ್ರಲ್ಲೇ ಬರ್ತದೆ, ವಿಮಾನ ಎಲ್ಲ" ಅಂದೆ. ಅಷ್ಟಾದರೂ ಹೇಳಬೇಕೆನ್ನಿಸಿತು.

ಅವನು ನಕ್ಕ. "ಬರ್ಲಿ. ಏಂಡಿ ಎಳೂವಾಗ ಹಗ್ಗ ಹಿಡ್ದವ್ರಿಗೆಲ್ಲ ಪಾಲು ಕೊಡೂದಿಲ್ವಾ? ಇಷ್ಟ್ ದಿನ ಮಶಿನ್ ನಿಮ್ದು, ಕಂಬ ನಂದು. ನಾ ಎಣ್ಸಿದ್ದೆಲ್ಲ ಇಬ್ರದ್ದೂ ಸೇರ್ಸೇ."

ಏಂಡಿ ಎಂದರೆ ದಡದಲ್ಲಿ ನಿಂತು ಹತ್ತಾರು ಜನ ಸೇರಿ ಎಳೆಯುವ ದೊಡ್ಡ ಬಲೆ. ದಾರಿಯಲ್ಲಿ ಹೋಗುವವನು ಬಂದು ಹಗ್ಗಕ್ಕೆ ಕೈ ಹಾಕಿದರೂ ಅವನಿಗೊಂದಿಷ್ಟು ಮೀನು ಕೊಟ್ಟೇ ಕಳಿಸುತ್ತಾರೆ. ಭಾನುವಾರದ ಆ 'ನಮ್ದು' ಒಳಗೆ ನಾನೂ ಇದ್ದೆ ಎಂದು ತಿಳಿದದ್ದು ಆಗ. ಮನುಷ್ಯನಾಗಿದ್ದರೆ ಅಲ್ಲೇ ಕಿಲುಬಿನ ವಿಷಯ ಹೇಳಬೇಕಿತ್ತು. "ಬರೂ ಭಾನುವಾರ ತರ್ತೇನೆ" ಎಂದಷ್ಟೇ ಹೇಳಿದೆ.

ಹೇಳಿದಂತೆ ನನ್ನ ಸಾಮಾನನ್ನೆಲ್ಲ ತಂದೆ. ಜಿಟಿಜಿಟಿ ಮಳೆಯಲ್ಲಿ ಅವನು ಮತ್ತೆ ಏಣಿ ಹಿಡಿದ. ನಾನು ಅವನಿಗೆ ಬೆನ್ನು ಮಾಡಿ ಕಿಲುಬು ಹಿಡಿದ ತುದಿ ಕತ್ತರಿಸಿ ಜೇಬಿಗೆ ಹಾಕಿಕೊಂಡೆ, ಹೊಸ ಕನೆಕ್ಟರ್ ಕೂರಿಸಿದೆ, ನನ್ನ ಆಂಟೆನಾ ಕಟ್ಟಿದೆ. ಹಳೆಯ ರಿಸೀವರನ್ನು ಅವನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದು, "ಸತ್ತದ್ದು ಇಟ್ಕಂಡ್ ನಾ ಎಂತ ಮಾಡ್ಲಿ" ಎಂದು ನನ್ನ ಕೈಗೇ ಕೊಟ್ಟ. ಈಗಲೂ ನನ್ನ ಕಪಾಟಿನಲ್ಲಿದೆ. ಅದಕ್ಕೇನೂ ಆಗಿಲ್ಲ.

ಸ್ವಲ್ಪ ಹೊತ್ತಿಗೆ ಸಮುದ್ರದ ಮೇಲೆ ಒಂದೊಂದಾಗಿ ವಿಮಾನ ಮೂಡತೊಡಗಿದವು. ಪಟ್ಟಿಯಲ್ಲಿ ಮತ್ತೆ ನಾನೊಬ್ಬನೇ, ಮೊದಲಿಗ. ಅವನು ನನ್ನ ಕೈಯಿಂದ ಫೋನು ಕಿತ್ತುಕೊಂಡು ಜಗುಲಿಗೆ ಓಡಿ, "ನಮ್ ಭಾವಂದು ನೋಡ್ರಾ, ಮಸ್ಕತ್ತಿಂದ ಬರೂದೂ ಕಾಣ್ತದೆ!" ಎಂದು ದಾರಿಯವರನ್ನೆಲ್ಲ ಕೂಗಿ ಕರೆದ. ನಾನು ತಾರಸಿಯಲ್ಲಿ ಒದ್ದೆಯಾಗಿ ನಿಂತು ನನಗೂ ಖುಷಿಯಾದೀತೆಂದು ಕಾದೆ. ಆಗಲಿಲ್ಲ. ಆದ ಖುಷಿಯೆಲ್ಲ ಅವನಿಗೇ ಆಗಿತ್ತು, ಮತ್ತೆ ನನ್ನ ಹೊಟ್ಟೆ ಉರಿಯಿತು.